ಹಿಡಿತದ ಬಲವೂ ಮುಂದೋಳಿನ ಒಂದು ಸ್ನಾಯುವೂ

ನೆಲ, ನೀರು, ಬಿತ್ತನೆ, ಗೊಬ್ಬರ, ದನಕರು ಇವುಗಳ ವಿಷಯವಾಗಿ ಈ ಪತ್ರಿಕೆಯಲ್ಲಿ ತಿಂಗಳು ತಿಂಗಳಿಗೂ ಲೇಖನಗಳು ಪ್ರಕಟವಾಗುತ್ತಲೇ ಇವೆ. ಇವೆಲ್ಲವನ್ನೂ ಫಲಕ್ಕೆ ತರುವ ಸಾಧನ ಇನ್ನೊಂದುಂಟು. ಅದು ಮನುಷ್ಯನ ಕೈ. ಎತ್ತಿನ ಹೆಗಲು ಬಾತುಕೊಂಡರೆ ಅಂದೇ ನೊಗವನ್ನಿಳಿಸಿ ಔಷಧೋಪಚಾರ ಮಾಡಿಸುವುದು ನಮ್ಮ ಜಮೀನುದಾರರಲ್ಲಿ ರೂಢಿಯಾಗಿ ಬಂದಿರುವ ಒಳ್ಳೆಯ ಪದ್ಧತಿ. ಆದರೆ ಕುಯ್ಲಿನ ಮಧ್ಯದಲ್ಲಿ ಒಬ್ಬ ಆಳು “ಮೊಣಕೈ ನೋಯುತ್ತದೆ, ಕುಡುಗೋಲು ಕೈಯಲ್ಲಿ ನಿಲ್ಲುವುದಿಲ್ಲ” ಎಂದರೆ ಆ ಮಾತಿಗೆ ಅಷ್ಟು ಬೆಲೆ ದೊರೆಯುವುದಿಲ್ಲ. ಎತ್ತಿನ ಬಾವು ಕಣ್ಣಿಗೆ ಕಾಣುತ್ತದೆ. ಆಳಿನ ಈ ನೋವಿಗೆ ಬಾವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಆದುದರಿಂದ ಮೈಗಳ್ಳತನವೆಂಬ ಅಪವಾದವು ಅವನ ಪಾಲಿಗೆ ಬರುತ್ತದೆ. ಈ ಅಪವಾದವು ಬಹುಮಟ್ಟಿಗೆ ಅನ್ಯಾಯವಾದುದೆಂಬುದನ್ನೂ, ನೋವಿನ ಮೂಲವು ಮುಂದೋಳಿನ ಒಂದು ಸಣ್ಣ ಸ್ನಾಯುವಿನಲ್ಲಿರುವುದೆಂಬುದನ್ನೂ, ಅದನ್ನು ತಡೆಯುವ ಉಪಾಯಗಳಲ್ಲಿ ಹೆಚ್ಚಿನವು ಜಮೀನುದಾರರ ಅಧೀನದಲ್ಲಿಯೇ ಇವೆಯೆಂಬುದನ್ನೂ ಗ್ರಾಮದ ಯಜಮಾನರಿಗೂ ಜಮೀನುದಾರರಿಗೂ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ತಾಲ್ಲೂಕುಗಳಿಗೆ ಈ ವಿಷಯವು ವಿಶೇಷವಾಗಿ ಅನ್ವಯಿಸುತ್ತದೆ. ಕಪಿಲೆಯೆಂದೂ ಕರೆಯಲ್ಪಡುವ ಕಬಿನಿಯು ನಂಜನಗೂಡನ್ನು ಹಾದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಈ ನದಿಗೆ ಕಟ್ಟಿದ ಅಣೆಕಟ್ಟು ೧೯೭೪ರಲ್ಲಿ ಪೂರ್ತಿಯಾದ ಮೇಲೆ, ನಾಲೆಯ ನೀರು ಹರಿದ ಬಯಲುಗಳಲ್ಲಿ ಬತ್ತ, ಕಬ್ಬು, ಬಾಳೆ ಮುಂತಾದ ನೀರಾವರಿ ಬೆಳೆಗಳ ಸಾಗುವಳಿಯು ವಿಸ್ತರಿಸಿತು. ಇವುಗಳ ಜೊತೆಗೆ ಹಿಪ್ಪುನೇರಳೆಯ ತೋಟಗಳೂ, ಖುಷ್ಕಿಯಲ್ಲಿ ರಾಗಿ ಮೊದಲಾದ ಬೆಳೆಗಳೂ ಇವೆ. ಬತ್ತದ ಕುಯ್ಲಿಗೆ ಈಗ ಯಂತ್ರಗಳು ಬರುತ್ತಿರುವುದು ನಿಜ. ಆದರೆ ಗಾಳಿಗೆ ಮಲಗಿದ ಪೈರನ್ನೂ, ಯಂತ್ರವು ತಿರುಗಲಾರದ ಸಣ್ಣ ಗದ್ದೆಯ ಮೂಲೆಗಳನ್ನೂ ಇಂದಿಗೂ ಕುಡುಗೋಲಿನಿಂದಲೇ ಕುಯ್ಯಬೇಕು. ಕಬ್ಬನ್ನು ಕಡಿಯುವುದು, ಹಿಪ್ಪುನೇರಳೆಯ ಕಡ್ಡಿಯನ್ನು ಸವರುವುದು, ಬಾಳೆಯ ಕಂದನ್ನು ತೆಗೆಯುವುದು, ಬದುವನ್ನು ಕೆತ್ತುವುದು, ಇವೆಲ್ಲವೂ ಬಹುಪಾಲು ಕೈಯ ಕೆಲಸವಾಗಿಯೇ ಉಳಿದಿವೆ. ಈ ಎಲ್ಲಾ ಕೆಲಸಗಳಿಗೂ ಸಾಮಾನ್ಯವಾದುದು ಒಂದೇ: ಹಿಡಿಯನ್ನು ಬಿಗಿಯಾಗಿ ಹಿಡಿದು, ಅದೇ ಚಲನೆಯನ್ನು ದಿನಕ್ಕೆ ಸಾವಿರಾರು ಸಲ ಮಾಡುವುದು.

ಸ್ನಾಯುವಿನ ಸ್ಥಾನವೂ ರಚನೆಯೂ

ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗಕ್ಕೆ ಮುಂದೋಳು ಎಂದು ಹೆಸರು. ಇದರೊಳಗೆ ಎರಡು ಮೂಳೆಗಳಿವೆ. ಹೆಬ್ಬೆರಳಿನ ಕಡೆಗಿರುವುದನ್ನು ವೈದ್ಯರು ರೇಡಿಯಸ್ ಎಂದೂ, ಕಿರುಬೆರಳಿನ ಕಡೆಗಿರುವುದನ್ನು ಅಲ್ನಾ ಎಂದೂ ಕರೆಯುತ್ತಾರೆ. ಈ ಮೂಳೆಗಳನ್ನು ಸುತ್ತುವರಿದು ಸುಮಾರು ೨೦ ಸ್ನಾಯುಗಳಿವೆ. ಅಂಗೈಯ ಕಡೆಗಿರುವ ೮ ಸ್ನಾಯುಗಳಲ್ಲಿ ಹೆಚ್ಚಿನವು ಬೆರಳುಗಳನ್ನೂ ಮಣಿಕಟ್ಟನ್ನೂ ಒಳಕ್ಕೆ ಮಡಿಸತಕ್ಕವು. ಹಿಂಬದಿಯ ೧೨ರಲ್ಲಿ ಹೆಚ್ಚಿನವು ಅವುಗಳನ್ನು ನೀಡಿ ಹಿಂದಕ್ಕೆ ಎತ್ತತಕ್ಕವು.

ಸ್ನಾಯುವೆಂಬುದು ಎಳೆಯಬಲ್ಲುದೇ ಹೊರತು ತಳ್ಳಲಾರದು. ಅದರ ಮಾಂಸದ ಭಾಗವು ಮೊಣಕೈಯ ಹತ್ತಿರವಿದ್ದು, ಮಣಿಕಟ್ಟಿನ ಕಡೆಗೆ ಹೋಗುತ್ತಾ ಬಿಳಿಯ ಗಟ್ಟಿಯಾದ ಹುರಿಯಂತಾಗುತ್ತದೆ. ಈ ಹುರಿಗೆ ಸ್ನಾಯುರಜ್ಜು ಎಂದು ಹೆಸರು. ಹಳ್ಳಿಯ ಮಾತಿನಲ್ಲಿ ಇದನ್ನೂ “ನರ” ಎಂದೇ ಹೇಳುವುದುಂಟು. ಆದರೆ ನಿಜವಾದ ನರವು ಬೇರೆ. ಅದು ಮಿದುಳಿನ ಅಪ್ಪಣೆಯನ್ನು ಸ್ನಾಯುವಿಗೆ ಮುಟ್ಟಿಸುವ ತಂತಿ. ರಜ್ಜುವಾದರೋ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಹಗ್ಗ. ಸೂತ್ರದ ಬೊಂಬೆಯಾಟದವನು ಮೇಲೆ ನಿಂತು ದಾರಗಳನ್ನೆಳೆದು ಕೆಳಗಿನ ಬೊಂಬೆಯನ್ನು ಕುಣಿಸುವಂತೆ, ಮುಂದೋಳಿನ ಮಾಂಸವು ಮೇಲಿದ್ದುಕೊಂಡು ರಜ್ಜುಗಳ ಮೂಲಕ ಕೆಳಗಿನ ಕೈಯನ್ನು ಆಡಿಸುತ್ತದೆ. ಇದರಿಂದಲೇ ನಮ್ಮ ಬೆರಳುಗಳು ಸಣ್ಣವಾಗಿಯೂ ಚುರುಕಾಗಿಯೂ ಇದ್ದು, ಬಲವಾದ ಕೆಲಸವನ್ನೂ ಮಾಡಬಲ್ಲವಾಗಿವೆ.

ಪ್ರಕೃತ ನಾವು ವಿಚಾರಿಸತಕ್ಕ ಸ್ನಾಯುವಿಗೆ ವೈದ್ಯಶಾಸ್ತ್ರದಲ್ಲಿ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಎಂದು ಹೆಸರು. ಹೆಸರು ಉದ್ದವಾದರೂ ಅರ್ಥವು ಸುಲಭ: ಮಣಿಕಟ್ಟನ್ನು ಹಿಂದಕ್ಕೆ ನೀಡತಕ್ಕ, ರೇಡಿಯಸ್ ಮೂಳೆಯ ಕಡೆಯ, ಗಿಡ್ಡ ಸ್ನಾಯು. ಇದರ ಪಕ್ಕದಲ್ಲಿಯೇ ಇದೇ ಹೆಸರಿನ ಉದ್ದನೆಯ ಜೊತೆಗಾರನೊಂದುಂಟು; ಅದು ತೋಳಿನ ಮೂಳೆಯಲ್ಲಿ ಇನ್ನೂ ಸ್ವಲ್ಪ ಮೇಲಿನಿಂದ ಹೊರಡುವ ಕಾರಣ ಅದಕ್ಕೆ ಉದ್ದನೆಯದೆಂದೂ, ನಮ್ಮದಕ್ಕೆ ಗಿಡ್ಡದೆಂದೂ ಹೆಸರು ಬಂದಿದೆ. ಮುಂದೆ ಇದನ್ನು ಗಿಡ್ಡ ಸ್ನಾಯುವೆಂದೇ ಕರೆಯೋಣ.

ಮೊಣಕೈಯನ್ನು ಮಡಿಸಿ, ಅಂಗೈಯನ್ನು ಕೆಳಮುಖವಾಗಿಟ್ಟುಕೊಂಡು ಮೊಣಕೈಯ ಹೊರಮಗ್ಗುಲನ್ನು ಮುಟ್ಟಿ ನೋಡಿದರೆ ಒಂದು ಮೂಳೆಯ ಗುಬುಟು ಸಿಕ್ಕುತ್ತದೆ. ಇದು ತೋಳಿನ ಮೂಳೆಯ ಕೆಳತುದಿಯ ಹೊರಗುಬುಟು. ಗಿಡ್ಡ ಸ್ನಾಯುವು ಇಲ್ಲಿಂದ ಹೊರಡುತ್ತದೆ. ಬೆರಳುಗಳನ್ನು ನೀಡುವ ಸ್ನಾಯು, ಕಿರುಬೆರಳಿನದೇ ಪ್ರತ್ಯೇಕವಾದ ಸ್ನಾಯು, ಮಣಿಕಟ್ಟನ್ನು ಕಿರುಬೆರಳಿನ ಕಡೆಯಿಂದ ಎತ್ತುವ ಸ್ನಾಯು, ಇವು ಮೂರೂ ಇದರೊಡನೆ ಸೇರಿ ಒಂದೇ ರಜ್ಜುವಿನ ಮೂಲಕ ಅದೇ ಗುಬುಟಿಗೆ ಅಂಟಿಕೊಂಡಿವೆ. ಒಂದೇ ಗೂಟಕ್ಕೆ ನಾಲ್ಕು ಹಗ್ಗಗಳನ್ನು ಕಟ್ಟಿದಂತೆ ಈ ಏರ್ಪಾಡು. ಗೂಟವಾದರೋ ಬೆರಳ ತುದಿಯಷ್ಟೇ ಅಗಲವಾದುದು. ಮುಂದೆ ಬರುವ ತೊಂದರೆಗೆ ಈ ಸಣ್ಣ ಜಾಗವೇ ನೆಲೆಯೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಗುಬುಟಿನಿಂದ ಹೊರಟ ಸ್ನಾಯುವಿನ ಮಾಂಸವು ಮುಂದೋಳಿನ ನಡುವಿನ ವೇಳೆಗೆ ಮುಗಿದು, ಚಪ್ಪಟೆಯಾದ ರಜ್ಜುವಾಗಿ ಕೆಳಗಿಳಿಯುತ್ತದೆ. ಮಣಿಕಟ್ಟಿನ ಹಿಂಬದಿಯಲ್ಲಿ ಕಡಗದಂತೆ ಸುತ್ತಿರುವ ಒಂದು ಗಟ್ಟಿ ಪಟ್ಟಿಯುಂಟು. ರಜ್ಜುವು ಅದರ ಕೆಳಗೆ ನುಸುಳಿ, ನಡುಬೆರಳಿಗೆ ಸೇರಿದ ಹಸ್ತದ ಮೂಳೆಯ ಬುಡಕ್ಕೆ ಹೋಗಿ ಅಂಟುತ್ತದೆ. ಉದ್ದನೆಯ ಜೊತೆಗಾರನು ತೋರುಬೆರಳಿಗೆ ಸೇರಿದ ಮೂಳೆಯ ಬುಡವನ್ನು ಹಿಡಿಯುತ್ತದೆ. ನಡುಬೆರಳಿನ ಸಾಲು ಹಸ್ತಕ್ಕೆ ನಡುಗಂಬವಿದ್ದಂತೆ. ಆದಕಾರಣ ಗಿಡ್ಡ ಸ್ನಾಯುವು ಎಳೆದರೆ ಹಸ್ತವು ಹೆಚ್ಚಾಗಿ ಪಕ್ಕಕ್ಕೆ ವಾಲದೆ ಬಹುಮಟ್ಟಿಗೆ ನೇರವಾಗಿ ಮೇಲೇಳುತ್ತದೆ.

ಈ ಸ್ನಾಯುವಿಗೆ ಅಪ್ಪಣೆಯನ್ನು ತರುವುದು ರೇಡಿಯಲ್ ನರ. ಅದು ಕತ್ತಿನ ಬುಡದಿಂದ ಹೊರಟು, ತೋಳಿನ ಮೂಳೆಯ ಹಿಂದೆ ಸುತ್ತಿಕೊಂಡು ಮುಂದೋಳಿಗೆ ಬರುತ್ತದೆ. ರಕ್ತವನ್ನು ತರುವುದರಲ್ಲಿ ರೇಡಿಯಲ್ ಧಮನಿಯು ಮುಖ್ಯವಾದುದು; ವೈದ್ಯರು ಮಣಿಕಟ್ಟಿನಲ್ಲಿ ಬೆರಳಿಟ್ಟು ನಾಡಿ ನೋಡುವುದು ಇದೇ ಧಮನಿಯಲ್ಲಿ. ಮಾಂಸದ ಭಾಗಕ್ಕೆ ರಕ್ತವು ಧಾರಾಳವಾಗಿ ಒದಗುತ್ತದೆ. ಗುಬುಟಿಗಂಟಿದ ರಜ್ಜುವಿಗೆ ಮಾತ್ರ ಸ್ವಲ್ಪವಾಗಿ ಒದಗುತ್ತದೆ. ನಾಲೆಯ ತಲೆಯಲ್ಲಿರುವ ಗದ್ದೆಗೂ ಕೊನೆಯಲ್ಲಿರುವ ಗದ್ದೆಗೂ ಇರುವ ಭೇದವನ್ನು ಬಲ್ಲವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಸ್ನಾಯುವಿನ ಕೆಲಸ

ಮುಂದೋಳನ್ನು ಜಗಲಿಯ ಮೇಲೆ ಅಂಗೈ ಕೆಳಗಾಗಿ ಊರಿ, ಹಸ್ತವನ್ನು ಮಾತ್ರ ಮೇಲಕ್ಕೆತ್ತಿ, ಇನ್ನೊಂದು ಕೈಯಿಂದ ಮೊಣಕೈಯ ಕೆಳಗಿನ ಹೊರಮಗ್ಗುಲನ್ನು ಮುಟ್ಟಿದರೆ ಅಲ್ಲಿ ಮಾಂಸವು ಬಿಗಿಯುವುದು ತಿಳಿಯುತ್ತದೆ. ಮಣಿಕಟ್ಟನ್ನು ಹೀಗೆ ಮೇಲೆತ್ತುವುದೂ, ಸ್ವಲ್ಪ ಹೆಬ್ಬೆರಳಿನ ಕಡೆಗೆ ತಿರುಗಿಸುವುದೂ ಈ ಸ್ನಾಯುವಿನ ಕಣ್ಣಿಗೆ ಕಾಣುವ ಕೆಲಸ. ಕಣ್ಣಿಗೆ ಕಾಣದ ಕೆಲಸವು ಇದಕ್ಕಿಂತಲೂ ದೊಡ್ಡದು. ವಸ್ತುವನ್ನು ಬಿಗಿಯಾಗಿ ಹಿಡಿದಾಗಲೆಲ್ಲಾ ಮಣಿಕಟ್ಟನ್ನು ಅಲುಗದಂತೆ ನಿಲ್ಲಿಸುವವುಗಳಲ್ಲಿ ಇದೇ ಪ್ರಧಾನವಾದುದು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಮಣಿಕಟ್ಟನ್ನು ಅಂಗೈಯ ಕಡೆಗೆ ಪೂರ್ತಿಯಾಗಿ ಬಗ್ಗಿಸಿಕೊಂಡು ಒಂದು ಕೋಲನ್ನು ಹಿಡಿಯಿರಿ. ಎಷ್ಟೇ ಪ್ರಯತ್ನಿಸಿದರೂ ಮುಷ್ಟಿಯು ಬಿಗಿಯಾಗುವುದಿಲ್ಲ. ಸಣ್ಣ ಹುಡುಗನು ಎಳೆದರೂ ಕೋಲು ಜಾರಿಬರುತ್ತದೆ. ಈಗ ಮಣಿಕಟ್ಟನ್ನು ತುಸು ಹಿಂದಕ್ಕೆತ್ತಿ ಅದೇ ಕೋಲನ್ನು ಹಿಡಿಯಿರಿ. ಬೆರಳುಗಳು ಅವೇ, ಕೋಲು ಅದೇ. ಆದರೂ ಹಿಡಿತವು ಕಬ್ಬಿಣದಂತಾಗುತ್ತದೆ. ಮಣಿಕಟ್ಟು ಸುಮಾರು ೨೦ರಿಂದ ೩೫ ಡಿಗ್ರಿಗಳಷ್ಟು ಹಿಂದಕ್ಕೆ ಬಾಗಿರುವಾಗ ಹಿಡಿತದ ಬಲವು ಅತ್ಯಧಿಕವಾಗಿರುವುದೆಂದು ಶಾಸ್ತ್ರಜ್ಞರು ಅಳೆದು ಹೇಳಿದ್ದಾರೆ.

ಇದರ ಕಾರಣವು ತಂತಿಬೇಲಿ ಹಾಕಿಸಿದವರಿಗೆ ಬೇಗನೆ ಅರ್ಥವಾಗುತ್ತದೆ. ತಂತಿಯನ್ನು ಬಿಗಿಯುವ ಮುಂಚೆ ಮೂಲೆಯ ಕಂಬವನ್ನು ಹಿಂದಿನಿಂದ ಎಳೆದು ಕಟ್ಟಿ ಗೂಟ ಹೊಡೆಯುತ್ತೇವೆ. ಹಾಗೆ ಮಾಡದಿದ್ದರೆ, ಎಳೆತವು ಕಂಬವನ್ನು ಬಗ್ಗಿಸುವುದರಲ್ಲಿಯೇ ವ್ಯರ್ಥವಾಗಿ ತಂತಿಯು ಸಡಿಲವಾಗಿಯೇ ಉಳಿಯುತ್ತದೆ. ಬೆರಳುಗಳನ್ನು ಮಡಿಸುವ ರಜ್ಜುಗಳು ಮಣಿಕಟ್ಟಿನ ಒಳಬದಿಯನ್ನು ದಾಟಿಕೊಂಡೇ ಬೆರಳಿಗೆ ಹೋಗಬೇಕು. ಅವು ಎಳೆದೊಡನೆ ಮಣಿಕಟ್ಟೂ ಒಳಕ್ಕೆ ಬಗ್ಗಲು ಹವಣಿಸುತ್ತದೆ. ಹಿಂಬದಿಯಿಂದ ಗಿಡ್ಡ ಸ್ನಾಯುವೂ ಅದರ ಜೊತೆಗಾರರೂ ಎಳೆದು ಹಿಡಿದರೆ ಮಾತ್ರ ಒಳಬದಿಯ ಎಳೆತವೆಲ್ಲಾ ಬೆರಳುಗಳಿಗೆ ಸಂದಾಯವಾಗುತ್ತದೆ. ಎಂದರೆ, ಮುಷ್ಟಿಯ ಬಲಕ್ಕೆ ಅಂಗೈಯ ಕಡೆಯ ಸ್ನಾಯುಗಳು ಎಷ್ಟು ಕಾರಣವೋ ಹಿಂಬದಿಯ ಸ್ನಾಯುಗಳೂ ಅಷ್ಟೇ ಕಾರಣ.

ತೋಳಿನ ಮೂಳೆ ಮುರಿದು ರೇಡಿಯಲ್ ನರಕ್ಕೆ ಪೆಟ್ಟಾದವರಲ್ಲಿ ಇದಕ್ಕೆ ಪ್ರತ್ಯಕ್ಷ ಪ್ರಮಾಣವು ದೊರೆಯುತ್ತದೆ. ಅಂಥವರ ಹಸ್ತವು ಬಾಡಿದ ಎಲೆಯಂತೆ ಜೋತುಬೀಳುತ್ತದೆ. ಬೆರಳನ್ನು ಮಡಿಸುವ ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ. ಆದರೂ ಒಂದು ಚೆಂಬನ್ನು ಹಿಡಿಯಲು ಶಕ್ತಿ ಸಾಲದು. ಇನ್ನೊಬ್ಬರು ಅವರ ಮಣಿಕಟ್ಟನ್ನು ಎತ್ತಿಹಿಡಿದರೆ ಹಿಡಿತದ ಬಲವು ಬಹುಮಟ್ಟಿಗೆ ಮರಳಿಬರುತ್ತದೆ.

ಹೊಲಗದ್ದೆಗಳಲ್ಲಿ ಈ ಸ್ನಾಯುವಿಗೆ ಬೀಳುವ ಹೊರೆ

ಬತ್ತವನ್ನು ಕುಯ್ಯುವಾಗ ಎಡಗೈ ತೆನೆಯ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಬಲಗೈ ಕುಡುಗೋಲನ್ನು ಹಿಡಿದು ಎಳೆಯುತ್ತದೆ. ಎರಡು ಕೈಗಳಲ್ಲಿಯೂ ಗಿಡ್ಡ ಸ್ನಾಯುವು ಬಿಗಿದೇ ಇರುತ್ತದೆ. ಅಲಗು ಹರಿತವಾಗಿದ್ದರೆ ಒಂದೇ ಎಳೆತಕ್ಕೆ ಹಿಡಿಯು ಕಡಿದುಬರುತ್ತದೆ. ಮೊಂಡಾಗಿದ್ದರೆ ಎರಡು ಮೂರು ಸಲ ಎಳೆಯಬೇಕು, ಪ್ರತಿ ಸಲವೂ ಹೆಚ್ಚು ಬಿಗಿಯಾಗಿ ಹಿಡಿಯಬೇಕು. ಹೀಗೆ ಮೊಂಡು ಅಲಗಿನ ನಷ್ಟವು ಕಾಲವಿಳಂಬದಲ್ಲಿ ಮುಗಿಯದೆ ಸ್ನಾಯುವಿನ ಲೆಕ್ಕಕ್ಕೂ ಬರೆಯಲ್ಪಡುತ್ತದೆ.

ಕಬ್ಬಿನ ಕಡಿತದಲ್ಲಿ ಹೊರೆಯು ಮತ್ತೊಂದು ಬಗೆಯದು. ಮಚ್ಚು ಜಲ್ಲೆಗೆ ತಗುಲಿದೊಡನೆ ಪೆಟ್ಟಿನ ಅದಿರು ಹಿಡಿಯಿಂದ ಹಸ್ತಕ್ಕೂ, ರಜ್ಜುವಿನ ಮೂಲಕ ಮೊಣಕೈಯ ಗುಬುಟಿಗೂ ಏರುತ್ತದೆ. ಗುದ್ದಲಿಯು ಒಣಗಿದ ಎರೆಮಣ್ಣಿಗೋ ಕಲ್ಲಿಗೋ ಬಿದ್ದಾಗಲೂ ಹೀಗೆಯೇ. ಒಟ್ಲುಪಾತಿಯಿಂದ ಪೈರನ್ನು ಕೀಳುವುದು, ಹಿಪ್ಪುನೇರಳೆಯ ಕಡ್ಡಿಯನ್ನು ಕತ್ತರಿಸುವುದು, ಹಾಲು ಕರೆಯುವುದು, ಇವುಗಳಲ್ಲಿ ಪೆಟ್ಟಿಲ್ಲದಿದ್ದರೂ ಬಿಡುವಿಲ್ಲದ ಹಿಡಿತವುಂಟು.

ಹೆಂಗಸರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಗಂಡಸರ ಕೈಯ ಅಳತೆಗೆ ಮಾಡಿದ ಹಿಡಿಯನ್ನೇ ಅವರೂ ಹಿಡಿಯಬೇಕಾಗಿರುವುದು ಹಲವೆಡೆಗಳಲ್ಲಿ ಕಂಡುಬರುತ್ತದೆ. ಹೊಲದಿಂದ ಮನೆಗೆ ಬಂದ ಮೇಲೆ ದೊಡ್ಡ ಪಾತ್ರೆಯಲ್ಲಿ ರಾಗಿ ಹಿಟ್ಟನ್ನು ಕೋಲಿನಿಂದ ತೊಳಸುವುದು, ಒದ್ದೆ ಬಟ್ಟೆಯನ್ನು ಹಿಂಡುವುದು, ನೀರಿನ ಬಿಂದಿಗೆಯನ್ನು ಎತ್ತುವುದು, ಇವೂ ಅದೇ ಸ್ನಾಯುವಿನ ಕೆಲಸಗಳೇ. ಆಳು ಹೆಂಗಸಿನ ಮುಂದೋಳಿಗೆ ಕೂಲಿಯ ಹೊತ್ತು ಮುಗಿದರೂ ಕೆಲಸದ ಹೊತ್ತು ಮುಗಿಯುವುದಿಲ್ಲ.

ನೋವು ಹೇಗೆ ಉಂಟಾಗುತ್ತದೆ

ಮಿತಿಯಾದ ದುಡಿಮೆಯಿಂದ ಸ್ನಾಯುವೂ ರಜ್ಜುವೂ ಬಲಗೊಳ್ಳುತ್ತವೆ. ದುಡಿಮೆಯಲ್ಲಿ ರಜ್ಜುವಿನ ಎಳೆಗಳು ಅಲ್ಲಲ್ಲಿ ಸವೆಯುವುದೂ, ವಿಶ್ರಾಂತಿಯಲ್ಲಿ ದೇಹವು ಅವನ್ನು ದುರಸ್ತಿ ಮಾಡುವುದೂ ಸಹಜವಾದ ಕ್ರಮ. ಸವೆತವು ದುರಸ್ತಿಯನ್ನು ಮೀರಿದಾಗ ತೊಂದರೆಯು ಪ್ರಾರಂಭವಾಗುತ್ತದೆ. ಹೊರಗುಬುಟಿನ ರಜ್ಜುವಿಗೆ ರಕ್ತದ ಒದಗಣೆ ಕಡಮೆ, ದುರಸ್ತಿಯೂ ನಿಧಾನ. ನಾಲ್ಕು ತಿಂಗಳು ಹಗುರವಾದ ಕೆಲಸದಲ್ಲಿದ್ದ ಕೈ ಒಂದೇ ದಿವಸದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಬ್ಬು ಕಡಿಯಲು ತೊಡಗಿದರೆ ಈ ಅಂತರವು ಬಹುಬೇಗನೆ ಬೆಳೆಯುತ್ತದೆ.

ಈ ರೋಗಕ್ಕೆ ಇಂಗ್ಲಿಷಿನಲ್ಲಿ ಟೆನಿಸ್ ಎಲ್ಬೋ, ಎಂದರೆ ಟೆನಿಸ್ ಮೊಣಕೈ ಎಂಬ ಹೆಸರು ನಿಂತುಹೋಗಿದೆ. ೧೮೮೦ರ ದಶಕದಲ್ಲಿ ಇಂಗ್ಲೆಂಡಿನ ಟೆನಿಸ್ ಆಟಗಾರರಲ್ಲಿ ಇದನ್ನು ಕಂಡದ್ದರಿಂದ ಈ ಹೆಸರು ಬಂದಿತು. ಅದಕ್ಕೂ ಮುಂಚೆ, ೧೮೭೩ರಲ್ಲಿಯೇ, ಜರ್ಮನ್ ವೈದ್ಯ ರುಂಗೆ ಎಂಬವರು ಲೇಖನಿ ಹಿಡಿದು ಬರೆಯುವವರಲ್ಲಿ ಇದನ್ನು ಗುರುತಿಸಿದ್ದರು. ನಮ್ಮ ದೇಶದಲ್ಲಿ ಪ್ರಸಿದ್ಧ ಕ್ರಿಕೆಟ್ ಆಟಗಾರರಾದ ಸಚಿನ್ ತೆಂಡೂಲ್ಕರ್ ಅವರಿಗೆ ೨೦೦೪ರಲ್ಲಿ ಈ ನೋವು ಬಂದಾಗ ಇದರ ಹೆಸರು ಮನೆಮನೆಗೂ ತಿಳಿಯಿತು. ಅವರು ಆಟವನ್ನು ಬಿಟ್ಟು ಕುಳಿತಾಗ ಅದನ್ನು ಯಾರೂ ಸೋಮಾರಿತನವೆನ್ನಲಿಲ್ಲ. ಅದೇ ಸ್ನಾಯು, ಅದೇ ಗುಬುಟು, ಅದೇ ನೋವು ಕುಡುಗೋಲು ಹಿಡಿದವನಿಗೂ ಬರುತ್ತದೆಂಬುದನ್ನು ನಾವು ಮರೆಯಬಾರದು.

ಮೊದಲು ಇದನ್ನು ರಜ್ಜುವಿನ ಉರಿಯೂತವೆಂದು ಭಾವಿಸಲಾಗಿದ್ದಿತು. ೧೯೭೯ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ನಿರ್ಷಲ್ ಮತ್ತು ಪೆಟ್ರೋನ್ ಎಂಬವರು, ಗಿಡ್ಡ ಸ್ನಾಯುವಿನ ರಜ್ಜುವಿನಲ್ಲಿ ಎಳೆಗಳ ಸಾಲು ಕೆಟ್ಟು ಜಾಳುಜಾಳಾದ ಅಂಗಾಂಶವು ಬೆಳೆದಿರುವುದನ್ನು ವಿವರಿಸಿದರು. ಹಳೆಯ ಹಗ್ಗದ ಹುರಿ ಬಿಚ್ಚಿ ಪಿಸಿದಂತೆ ಎಂದು ತಿಳಿಯಬಹುದು. ಬೆಳೆದ ಜನರಲ್ಲಿ ನೂರಕ್ಕೆ ಒಬ್ಬರಿಂದ ಮೂವರವರೆಗೆ ಈ ತೊಂದರೆ ಇರುವುದೆಂದು ವೈದ್ಯರ ಅಂದಾಜು. ೩೫ರಿಂದ ೫೫ ವರ್ಷಗಳೊಳಗಿನವರಲ್ಲಿ ಇದು ಹೆಚ್ಚು. ಕೆಲಸದಲ್ಲಿ ನುರಿತು, ಸಂಸಾರದ ಭಾರವನ್ನೆಲ್ಲಾ ಹೊತ್ತಿರುವ ವಯಸ್ಸು ಇದೇ ಎಂಬುದನ್ನು ಗಮನಿಸಬೇಕು.

ಗುರುತಿಸುವ ಬಗೆ

ನೋವು ಮೊಣಕೈಯ ಹೊರಗುಬುಟಿನಲ್ಲಿಯೂ ಅದರ ಸ್ವಲ್ಪ ಕೆಳಗೂ ಇದ್ದು, ಬೆರಳಿನಿಂದ ಒತ್ತಿದರೆ ಹೆಚ್ಚಾಗುತ್ತದೆ. ಕೆಲವು ವೇಳೆ ಮುಂದೋಳಿನುದ್ದಕ್ಕೂ ಇಳಿಯುತ್ತದೆ. ತುಂಬಿದ ಚೆಂಬನ್ನು ಅಂಗೈ ಕೆಳಮುಖವಾಗಿರುವಂತೆ ಅದರ ಕಂಠವನ್ನು ಹಿಡಿದೆತ್ತಿದರೆ ನೋವು ಚುಚ್ಚುತ್ತದೆ. ಅದೇ ಚೆಂಬನ್ನು ಅಂಗೈ ಮೇಲ್ಮುಖವಾಗಿರುವಂತೆ ಕೆಳಗಿನಿಂದ ಎತ್ತಿದರೆ ಅಷ್ಟು ನೋವಿರುವುದಿಲ್ಲ. ಮೊಣಕೈಯನ್ನು ನೀಡಿ ಮುಷ್ಟಿಯನ್ನು ಮೇಲಕ್ಕೆತ್ತುವಾಗ ಇನ್ನೊಬ್ಬರು ಅದನ್ನು ಕೆಳಕ್ಕೊತ್ತಿದರೂ ಗುಬುಟಿನಲ್ಲಿಯೇ ನೋವು ಕಾಣುತ್ತದೆ. ಈ ಎರಡು ಪರೀಕ್ಷೆಗಳಿಗೆ ಯಾವ ಉಪಕರಣವೂ ಬೇಕಾಗಿಲ್ಲ. ಆಳಿನ ಮಾತು ನಿಜವೋ ಅಲ್ಲವೋ ಎಂಬ ಸಂಶಯವಿದ್ದರೆ, ಗದ್ದೆಯ ಬದುವಿನ ಮೇಲೆಯೇ ಅದನ್ನು ಪರಿಹರಿಸಿಕೊಳ್ಳಬಹುದು.

ಮೊಣಕೈಯ ಒಳಮಗ್ಗುಲಿನ ನೋವು, ಹೆಬ್ಬೆರಳಿನ ಬುಡದ ನೋವು, ಇವು ಬೇರೆ ರಜ್ಜುಗಳಿಗೆ ಸೇರಿದವು. ಕೈ ಜೋಮು ಹಿಡಿಯುವುದು, ಹಸ್ತವು ಜೋತುಬೀಳುವುದು, ಕತ್ತಿನಿಂದ ನೋವು ಇಳಿಯುವುದು, ಬಿದ್ದ ಮೇಲೆ ಮೊಣಕೈ ಬಾತುಕೊಳ್ಳುವುದು, ಜ್ವರದೊಡನೆ ಕೀಲು ಕೆಂಪಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ತಾಲ್ಲೂಕಿನ ಸಾರ್ವಜನಿಕ ಆಸ್ಪತ್ರೆಗೆ ಕಳುಹಿಸತಕ್ಕದ್ದು.

ಜಮೀನುದಾರರು ಅನುಸರಿಸತಕ್ಕ ಕ್ರಮಗಳು

೧. ಹಿಡಿಯ ಗಾತ್ರ. ಕುಡುಗೋಲು, ಮಚ್ಚುಗಳ ಹಿಡಿಯೂ ಗುದ್ದಲಿಯ ಕಾವೂ ಕೈಯ ಅಳತೆಗೆ ಸರಿಯಾಗಿರಬೇಕು. ಹಿಡಿದಾಗ ಹೆಬ್ಬೆರಳಿನ ತುದಿಯು ತೋರುಬೆರಳಿನ ತುದಿಯನ್ನು ಮುಟ್ಟಿ ಸ್ವಲ್ಪ ಅದರ ಮೇಲೆ ಬರುವಂತಿದ್ದರೆ ಗಾತ್ರವು ಹದವಾಗಿದೆಯೆಂದು ತಿಳಿಯಬಹುದು. ಸಾಧಾರಣವಾಗಿ ೩ರಿಂದ ೪ ಸೆಂಟಿಮೀಟರ್ ದಪ್ಪವು ತಕ್ಕದ್ದು. ತೀರ ಸಣ್ಣದಾದ ಹಿಡಿಗೆ ಬಟ್ಟೆಯನ್ನೋ ಸೈಕಲ್ಲಿನ ಹಳೆಯ ಟ್ಯೂಬನ್ನೋ ಬಿಗಿಯಾಗಿ ಸುತ್ತಿದರೆ ಗಾತ್ರವು ಹೆಚ್ಚುವುದಲ್ಲದೆ ಬೆವರಿಗೆ ಜಾರುವುದೂ ತಪ್ಪುತ್ತದೆ; ರಬ್ಬರು ಪೆಟ್ಟಿನ ಅದಿರನ್ನೂ ಸ್ವಲ್ಪ ತಗ್ಗಿಸುತ್ತದೆ. ಹೆಂಗಸರಿಗೆ ಅವರ ಕೈಯ ಅಳತೆಯ ಹಿಡಿಗಳನ್ನೇ ಮಾಡಿಸತಕ್ಕದ್ದು.

೨. ಅಲಗಿನ ಹದ. ಕೆಲಸದ ಸ್ಥಳದಲ್ಲಿಯೇ ಮಸೆಗಲ್ಲು ಇರಬೇಕು. ಅಲಗನ್ನು ಮಸೆಯಲು ಹಿಡಿಯುವ ವೇಳೆಯನ್ನು ಕೆಲಸಗಳ್ಳತನವೆಂದು ಎಣಿಸದೆ ಕೂಲಿಯ ವೇಳೆಯಲ್ಲಿಯೇ ಸೇರಿಸತಕ್ಕದ್ದು. ಭೋಪಾಲದಲ್ಲಿ ೧೯೭೬ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕೃಷಿ ಇಂಜಿನಿಯರಿಂಗ್ ಸಂಸ್ಥೆಯವರು ಗರಗಸದಂತೆ ಹಲ್ಲುಗಳಿರುವ “ನವೀನ್” ಎಂಬ ಕುಡುಗೋಲನ್ನು ರೂಪಿಸಿದ್ದಾರೆ. ಬತ್ತದಂತಹ ಸಣ್ಣ ಕಡ್ಡಿಯ ಪೈರಿಗೆ ಹಲ್ಲಿನ ಕುಡುಗೋಲು ಅನುಕೂಲವಾದುದು; ಪದೇ ಪದೇ ಮಸೆಯುವ ಅಗತ್ಯವೂ ಅದಕ್ಕಿಲ್ಲ.

೩. ಕಾವಿನ ಬಿಗಿ. ಸಡಿಲವಾದ ಗುದ್ದಲಿಯನ್ನು ಹಿಡಿದವನು ಅದು ತಿರುಗದಂತೆ ತಡೆಯಲು ಇಮ್ಮಡಿ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಸುಗ್ಗಿಗೆ ಮುಂಚೆ ಎಲ್ಲಾ ಉಪಕರಣಗಳ ಬೆಣೆಯನ್ನು ಬಡಿಸಿ ಬಿಗಿಮಾಡಿಸತಕ್ಕದ್ದು.

೪. ಕೆಲಸದ ಏರಿಕೆ. ಬಹುದಿನ ಬಿಡುವಿನಲ್ಲಿದ್ದ ಆಳಿಗೆ ಮೊದಲ ದಿನವೇ ಪೂರ್ಣ ಹೊರೆಯನ್ನು ಕೊಡದೆ, ಒಂದು ವಾರದಲ್ಲಿ ಕ್ರಮವಾಗಿ ಹೆಚ್ಚಿಸುವುದು ಲೇಸು. ಹೊಸ ಎತ್ತನ್ನು ನೊಗಕ್ಕೆ ಪಳಗಿಸುವಾಗ ನಾವು ಅನುಸರಿಸುವ ವಿವೇಕವೇ ಇಲ್ಲಿಯೂ ಸಾಕು.

೫. ಸರದಿ ಮತ್ತು ಬಿಡುವು. ಕಡಿಯುವವರು, ಕಟ್ಟುವವರು, ಹೊರುವವರು ಎಂದು ಇಡೀ ದಿವಸಕ್ಕೆ ಗೊತ್ತುಮಾಡುವುದಕ್ಕಿಂತ ಅವರವರಲ್ಲೇ ಎರಡು ಗಂಟೆಗೊಮ್ಮೆ ಸರದಿ ಬದಲಾಯಿಸುವುದು ಉತ್ತಮ. ಮಧ್ಯಾಹ್ನದ ಒಂದೇ ದೊಡ್ಡ ಬಿಡುವಿನ ಜೊತೆಗೆ ಗಂಟೆಗೊಮ್ಮೆ ಐದು ನಿಮಿಷದ ಸಣ್ಣ ಬಿಡುವನ್ನು ಕೊಟ್ಟರೆ ರಜ್ಜುವಿಗೆ ಹೆಚ್ಚು ಹಿತ. ಗುತ್ತಿಗೆಯ ಮೇಲೆ ಕಡಿತ ಮಾಡಿಸುವಾಗ ಆಳುಗಳು ತಾವಾಗಿ ಬಿಡುವನ್ನು ತೆಗೆದುಕೊಳ್ಳುವುದಿಲ್ಲ. ಅಂಥ ಸಂದರ್ಭದಲ್ಲಿ ಯಜಮಾನರೇ ಅದನ್ನು ಏರ್ಪಡಿಸಬೇಕು.

ನೋವು ಬಂದಮೇಲೆ ಮಾಡತಕ್ಕದ್ದು

ಉಳುಕೆಂದು ಭಾವಿಸಿ ಬಲವಾಗಿ ನೀವಿಸುವುದೂ ಜಗ್ಗಿಸುವುದೂ ಈಗಾಗಲೇ ಪಿಸಿದಿರುವ ರಜ್ಜುವನ್ನು ಮತ್ತಷ್ಟು ಕೆಡಿಸಬಹುದು. ಬರೆ ಹಾಕಿಸುವುದರಿಂದ ಚರ್ಮಕ್ಕೆ ಸುಟ್ಟ ಗಾಯವಾಗುವುದೇ ಹೊರತು ಒಳಗಿನ ರಜ್ಜುವಿಗೆ ಯಾವ ಗುಣವೂ ಇಲ್ಲ. ಕೈಯನ್ನು ತಿಂಗಳುಗಟ್ಟಲೆ ಜೋಳಿಗೆಯಲ್ಲಿ ಕಟ್ಟಿಡುವುದೂ ಸಲ್ಲದು. ಅದರಿಂದ ಸ್ನಾಯುವು ಇನ್ನೂ ಬಲಗುಂದುತ್ತದೆ.

ಔಷಧದ ಸೂಜಿಯ ವಿಷಯದಲ್ಲಿಯೂ ಎಚ್ಚರ ಬೇಕು. ಕಾರ್ಟಿಸೋನ್ ಜಾತಿಯ ಮದ್ದನ್ನು ಗುಬುಟಿಗೆ ಚುಚ್ಚಿದರೆ ಕೆಲವು ವಾರಗಳವರೆಗೆ ನೋವು ಬಹಳ ಇಳಿಯುತ್ತದೆ. ಆದರೆ ೨೦೦೨ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯಲ್ಲಿಯೂ, ೨೦೦೬ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪರೀಕ್ಷೆಯಲ್ಲಿಯೂ, ಒಂದು ವರ್ಷದ ಕೊನೆಗೆ ಚುಚ್ಚಿಸಿಕೊಂಡವರ ಸ್ಥಿತಿಯು ಸುಮ್ಮನೆ ಕಾದವರ ಸ್ಥಿತಿಗಿಂತಲೂ ಹಿಂದೆ ಬಿದ್ದಿರುವುದು ಕಂಡುಬಂದಿತು. ಸುಗ್ಗಿಯನ್ನು ಮುಗಿಸುವ ಆತುರದಲ್ಲಿ ಆಳಿಗೆ ಸೂಜಿ ಹಾಕಿಸಿ ಮಾರನೆಯ ದಿನವೇ ಕಡಿತಕ್ಕೆ ಇಳಿಸುವುದು ಯಾವ ರೀತಿಯಲ್ಲಿಯೂ ಹಿತವಲ್ಲ.

ನೋವಿನ ಕೈಗೆ ಬೇಕಾದುದು ಹೊರೆಯ ಇಳಿತ ಮತ್ತು ಕ್ರಮವಾದ ಅಭ್ಯಾಸ. ಬೀಸಿ ಕಡಿಯುವ, ಅಗೆಯುವ, ಹಿಂಡುವ ಕೆಲಸಗಳನ್ನು ಕೆಲವು ವಾರಗಳು ಬಿಡಿಸಿ, ದನ 
ಮೇಯಿಸುವುದು, ಕಣ ಕಾಯುವುದು, ಕಾಳು ಒಣಗಿಸುವುದನ್ನು ನೋಡಿಕೊಳ್ಳುವುದು ಮುಂತಾದ ಕೆಲಸಗಳನ್ನು ಕೊಡಬಹುದು. ಭಾರವನ್ನೆತ್ತಬೇಕಾದರೆ ಅಂಗೈ ಮೇಲ್ಮುಖವಾಗಿರಲಿ, ಮೊಣಕೈ ಮಡಿಸಿರಲಿ. ಗುಬುಟಿನಿಂದ ಎರಡು ಮೂರು ಬೆರಳಗಲ ಕೆಳಗೆ ಮುಂದೋಳಿಗೆ ಕಟ್ಟುವ ಪಟ್ಟಿಯಿಂದ ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಉಪಶಮನವಾಗುತ್ತದೆ. ಬೆರಳು ಜೋಮು ಹಿಡಿಯುವಷ್ಟು ಅದನ್ನು ಬಿಗಿಯಬಾರದು.

ಅಭ್ಯಾಸವನ್ನು ಮನೆಯಲ್ಲಿಯೇ ಮಾಡಬಹುದು. ಮುಂದೋಳನ್ನು ಜಗಲಿಯ ಮೇಲಿಟ್ಟು ಹಸ್ತವು ಮಾತ್ರ ಅಂಚಿನಿಂದ ಹೊರಗಿರುವಂತೆ, ಅಂಗೈ ಕೆಳಗಾಗಿ ಕುಳಿತು, ಸುಮಾರು ಅರ್ಧ ಕಿಲೋ ತೂಕದ ವಸ್ತುವನ್ನು ಹಿಡಿಯಬೇಕು. ಇನ್ನೊಂದು ಕೈಯ ಸಹಾಯದಿಂದ ಹಸ್ತವನ್ನು ಮೇಲೆತ್ತಿ, ಸಹಾಯವನ್ನು ಬಿಟ್ಟು, ಮೆಲ್ಲಮೆಲ್ಲನೆ ಕೆಳಗಿಳಿಸಬೇಕು. ಹೀಗೆ ೧೫ ಸಲ ಮಾಡಿ ಸ್ವಲ್ಪ ವಿಶ್ರಮಿಸಿ, ಒಟ್ಟು ಮೂರು ಆವೃತ್ತಿಗಳನ್ನು ದಿನಕ್ಕೊಮ್ಮೆ ನಡೆಸಬೇಕು. ಅಲ್ಪ ನೋವು ಬಂದರೆ ಬಾಧಕವಿಲ್ಲ. ಹೆಚ್ಚಿದರೆ ತೂಕವನ್ನು ಕಡಮೆ ಮಾಡಬೇಕು. ಗುಣವು ಕಾಣಲು ವಾರಗಳು, ಕೆಲವು ವೇಳೆ ತಿಂಗಳುಗಳು ಹಿಡಿಯುತ್ತವೆ. ಆದರೆ ಹತ್ತರಲ್ಲಿ ಎಂಟು ಒಂಬತ್ತು ಮಂದಿಗೆ ಒಂದು ವರ್ಷದೊಳಗಾಗಿ ಶಸ್ತ್ರಚಿಕಿತ್ಸೆಯಿಲ್ಲದೆಯೇ ವಾಸಿಯಾಗುತ್ತದೆಂಬುದು ಧೈರ್ಯದ ಸಂಗತಿ. ಆರು ವಾರಗಳಲ್ಲಿ ಏನೂ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಅವಶ್ಯವಿದ್ದರೆ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಾಗಲಿ ತೋರಿಸುವುದು ಉಚಿತ.

ಮೇಲೆ ಹೇಳಿದ ಕ್ರಮಗಳಿಗೆ ತಗಲುವ ವೆಚ್ಚವು ಒಂದು ಮಸೆಗಲ್ಲು, ನಾಲ್ಕು ಬೆಣೆ, ಕೆಲವು ಹಿಡಿಗಳು ಮತ್ತು ದಿನಕ್ಕೆ ಕೆಲವು ನಿಮಿಷಗಳು. ಇವುಗಳನ್ನು ಉಳಿಸಹೋಗಿ ಕುಯ್ಲಿನ ನಡುವೆ ನುರಿತ ಆಳನ್ನು ಕಳೆದುಕೊಂಡರೆ ನಷ್ಟವು ಜಮೀನುದಾರನಿಗೆ ಒಂದು ಸುಗ್ಗಿಯದು. ಆಳಿಗಾದರೋ ವರ್ಷದ ಅನ್ನದ್ದು. ಇನ್ನೊಬ್ಬರ ಕೈಯ ಬಲದಿಂದ ಬೆಳೆ ತೆಗೆಯುವವರಿಗೆ ಆ ಬಲವು ಎಲ್ಲಿಂದ ಬರುತ್ತದೆಂಬ ತಿಳಿವಳಿಕೆಯು ಅವಶ್ಯಕವಾದುದು. ಮುಂಬರುವ ಸುಗ್ಗಿಗೆ ಮುಂಚೆ ಗ್ರಾಮದ ಯಜಮಾನರು ತಮ್ಮ ತಮ್ಮ ಗ್ರಾಮಗಳಲ್ಲಿ ಉಪಕರಣಗಳ ಹಿಡಿಗಳನ್ನು ಒಮ್ಮೆ ಹೊರಗೆ ತೆಗೆಯಿಸಿ, ಹಿಡಿಯತಕ್ಕವರ ಕೈಯಲ್ಲಿಯೇ ಇಟ್ಟು ಅಳತೆ ನೋಡಿಸುವರೆಂದು ಹಾರೈಸುತ್ತೇನೆ.